ಹಾಳೆ ತಟ್ಟೆ ಘಟಕಕ್ಕೆ ಯಾವ ಸಾಲ? ಪಿಎಂಇಜಿಪಿ, ಮುದ್ರಾ, ಸಿಜಿಟಿಎಂಎಸ್‌ಇ

ಸಾಲದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ‘ಸಬ್ಸಿಡಿ ಎಷ್ಟು?’ ಅಂತ. ಶಿರಸಿ ಕಡೆ ಅಡಿಕೆ ಹಾಳೆಯ ತಟ್ಟೆ ಮಾಡುವವರು ಕೇಳಬೇಕಾದ್ದು ಬೇರೆ: ಹಾಳೆ ಕೊಳ್ಳುವ ಕಾಲಕ್ಕೆ ದುಡ್ಡು ಕೈಗೆ ಬರುತ್ತದಾ? ಒಣಗಿದ ಹಾಳೆಯನ್ನು ಬೇಸಿಗೆಯಲ್ಲೇ ಕೊಂಡು, ಮಳೆ ಹಿಡಿಯುವ ಮೊದಲು ಒಳಗೆ ಸೇರಿಸಿಬಿಡಬೇಕು. ನೆನೆದ ಹಾಳೆಗೆ ಬೂಸ್ಟು ಬರುತ್ತದೆ. ಅದನ್ನು ಎಷ್ಟೇ ತೊಳೆದು ಪ್ರೆಸ್ಸಿಗೆ ಹಾಕಿದರೂ ತಟ್ಟೆ ಮೇಲೆ ಕಪ್ಪು ಚುಕ್ಕೆ ಉಳಿಯುತ್ತದೆ. ಅಂಥ ಮಾಲು ಯಾರಿಗೂ ಬೇಡ.

ನನ್ನ ಘಟಕಕ್ಕೆ ಮೂರೂ ಬಗೆಯ ಸಾಲ ತೆಗೆದುಕೊಂಡಿದ್ದೇನೆ.

ಮೊದಲು ಪಿಎಂಇಜಿಪಿ, ಅಂದರೆ ಹೊಸ ಉದ್ಯಮಕ್ಕೆ ಸಬ್ಸಿಡಿ ಸಮೇತ ಸಾಲ ಕೊಡಿಸುವ ಕೇಂದ್ರದ ಯೋಜನೆ. ಸಬ್ಸಿಡಿ ಲೆಕ್ಕದಲ್ಲಿ ಇದನ್ನು ಉಳಿದೆರಡು ಮುಟ್ಟುವುದಿಲ್ಲ. ಹಳ್ಳಿಯಲ್ಲಿ ಘಟಕ ಹಾಕುವ ಹೆಂಗಸರಿಗೆ ಶೇ 35 ಸಬ್ಸಿಡಿ, ಸ್ವಂತ ಬಂಡವಾಳ ಶೇ 5 ಸಾಕು. ಸಾಮಾನ್ಯ ವರ್ಗದ ಗಂಡಸರಿಗೆ ಶೇ 25, ಕೈಯಿಂದ ಹಾಕಬೇಕಾದ್ದು ಶೇ 10. 10 ಲಕ್ಷದ ಯೋಜನೆಗೆ ನಾನು 50 ಸಾವಿರ ಹಾಕಿದರೆ ಬ್ಯಾಂಕಿನದ್ದು 9.5 ಲಕ್ಷ, ಸಬ್ಸಿಡಿ 3.5 ಲಕ್ಷ. ಆದರೆ ಆ ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಸಿಗುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ಘಟಕ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆ. ಇಷ್ಟು ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ, ಜಾಗದ ಬೆಲೆ ಸೇರಿಸುವಂತಿಲ್ಲ. ಆನ್‌ಲೈನ್ ಅರ್ಜಿ, ಕೊಟೇಶನ್, ಪ್ರಾಜೆಕ್ಟ್ ರಿಪೋರ್ಟ್, ತರಬೇತಿ, ಜೊತೆಗೆ ಕಾರವಾರದ ಡಿಐಸಿ (ಜಿಲ್ಲಾ ಕೈಗಾರಿಕಾ ಕೇಂದ್ರ). ದೇವಿಮನೆ ಘಟ್ಟ ಇಳಿದು ಹೋಗಿ ಬರುವಷ್ಟರಲ್ಲಿ ಒಂದು ದಿನ ಖಲಾಸ್! ಪ್ರೆಸ್, ಡೈ, ಹೀಟರಿಗೆ ಇದು ಒಳ್ಳೆಯದು. ಹಾಳೆ ಕೊಳ್ಳುವ ಅವಸರಕ್ಕೆ ಇದನ್ನು ನಂಬಿ ಕೂರಬೇಡಿ.

ಮುದ್ರಾ ಸಣ್ಣ ಉದ್ಯಮಗಳಿಗೆ ಕೇಂದ್ರದ ಸಾಲ ಯೋಜನೆ. ಇದರಲ್ಲಿ ಸಬ್ಸಿಡಿ ಇಲ್ಲ, ರಗಳೆಯೂ ಕಡಿಮೆ. ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದ ತರುಣ ಪ್ಲಸ್. ನಾನು ಕಿಶೋರದಲ್ಲಿ ಸಿ.ಸಿ. (ಕ್ಯಾಶ್ ಕ್ರೆಡಿಟ್ ಖಾತೆ) ಮಾಡಿಸಿಕೊಂಡೆ. ಹಾಳೆ ಬಂದಾಗ ತೆಗೆಯುವುದು, ತಟ್ಟೆ ಮಾರಿದಾಗ ಕಟ್ಟುವುದು. ತೆಗೆದಷ್ಟಕ್ಕೇ ಬಡ್ಡಿ. ಮೊದಲಿಂದ ಖಾತೆ ಇರುವ ಶಾಖೆಯಲ್ಲೇ ಕೇಳಿದರೆ ಕೆಲಸ ಸಲೀಸು.

ಸಾಲಕ್ಕೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ಟ್ರಸ್ಟ್ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಹೇಳಲೇಬೇಕಾದ ಮಾತಿದೆ. ಇಲ್ಲಿ ಎಷ್ಟೋ ಮನೆಗಳ ಪಹಣಿ ಇನ್ನೂ ಜಂಟಿ. ತೋಟ ಅಡವಿಡಬೇಕೆಂದರೆ ಬೆಂಗಳೂರಿನ ಭಾವನಿಂದ ಹಿಡಿದು ಮದುವೆಯಾಗಿ ಹೋದ ನಾದಿನಿವರೆಗೆ ಎಲ್ಲರ ಸಹಿ ಬೇಕು. ಸಾಲಕ್ಕಿಂತ ಸಹಿಯೇ ಕಷ್ಟ, ಅಲ್ವಾ? ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಬ್ಯಾಂಕ್ ಸಿಡ್ಬಿ ಸೇರಿ 2000ದಲ್ಲಿ ಕಟ್ಟಿದ ಈ ಟ್ರಸ್ಟ್, ಅಡಮಾನ ಇಲ್ಲದ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುತ್ತದೆ. 2025ರ ಏಪ್ರಿಲ್‌ನಿಂದ ಮಿತಿ 10 ಕೋಟಿ. ಆದರೂ ನಾನು ಮೊದಲು ಹೋದ ಶಾಖೆಯಲ್ಲಿ ‘ಪಹಣಿ ತಂದಿದ್ದೀರಾ ಅಮ್ಮಾ?’ ಅಂತಲೇ ಮಾತು ಶುರುವಾಯಿತು. ಸುಮ್ನೆ ವಾದ ಮಾಡದೆ ಬೇರೆ ಬ್ಯಾಂಕಿಗೆ ಹೋದೆ. ಅಲ್ಲಿ ಜಿಎಸ್‌ಟಿ ರಿಟರ್ನ್, ಉದ್ಯಮ್ ನೋಂದಣಿ, ಹಳೆ ಸಿ.ಸಿ. ವಹಿವಾಟು ನೋಡಿದರು, ಪಹಣಿ ಕೇಳಲಿಲ್ಲ.

ಬಡ್ಡಿ ಜೊತೆ ಖಾತರಿ ಶುಲ್ಕವೂ ಬೀಳುತ್ತದೆ. 2023ರ ಏಪ್ರಿಲ್‌ನಲ್ಲಿ ಇಳಿಸಿದ ದರದಂತೆ 10 ಲಕ್ಷದವರೆಗೆ ವರ್ಷಕ್ಕೆ ಶೇ 0.37. ಸಹಿ ಹುಡುಕಿ ಅಲೆಯುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಒಂದು ಮಾತ್ರ ಗೊತ್ತಿರಲಿ, ಖಾತರಿ ಇರುವುದು ಬ್ಯಾಂಕಿಗೆ, ನಮಗಲ್ಲ. ಕಂತು ತಪ್ಪಿ ಖಾತೆ ಎನ್‌ಪಿಎ (ಬಾಕಿ ಬಿದ್ದ ಸಾಲ) ಆದರೆ ಬ್ಯಾಂಕ್ ಟ್ರಸ್ಟಿನಿಂದ ತನ್ನ ಪಾಲು ಪಡೆಯುತ್ತದೆ, ನಮ್ಮ ಸಾಲ ಹಾಗೇ ಇರುತ್ತದೆ. ‘ಸರ್ಕಾರ ಕಟ್ಟುತ್ತದಂತೆ’ ಅನ್ನುವವರ ಮಾತು ಕೇಳಬೇಡಿ.

ಈಗ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಷ್ಟು. ಮಶಿನ್‌ಗೆ ಪಿಎಂಇಜಿಪಿ, ಮೊದಲ ವರ್ಷಗಳ ಹಾಳೆಗೆ ಮುದ್ರಾ ಸಿ.ಸಿ. ಮಾರಾಟದ ದಾಖಲೆ ಗಟ್ಟಿಯಾದ ಮೇಲೆ ಸಿಜಿಟಿಎಂಎಸ್‌ಇ. ಅರ್ಜಿ ದೀಪಾವಳಿ ಹೊತ್ತಿಗೇ ಹಾಕಿ. ಮಾರ್ಚ್ ಬಂತೆಂದರೆ ಬ್ಯಾಂಕಿನವರು ವರ್ಷದ ಲೆಕ್ಕದ ಗಡಿಬಿಡಿಯಲ್ಲಿರುತ್ತಾರೆ, ಹೊಸ ಫೈಲು ಮುಟ್ಟುವವರೇ ಸಿಗುವುದಿಲ್ಲ.