ಬೈಕಂಪಾಡಿಯಲ್ಲಿ ಏರ್ ಸರ್ಕ್ಯೂಟ್ ಬ್ರೇಕರ್ ಸರ್ವಿಸ್: ಕೆಲಸ ಚೊಕ್ಕ, ಕೊಟೇಶನ್ ಅರೆಬರೆ

ಮಂಗಳೂರಿನ ಬೈಕಂಪಾಡಿಯಲ್ಲಿರುವ ನಮ್ಮ ಐಸ್ ಪ್ಲಾಂಟಿನ 415 ವೋಲ್ಟ್ ಪ್ಯಾನೆಲ್‌ನಲ್ಲಿರುವ 1600 ಆಂಪಿಯರ್ ಏರ್ ಸರ್ಕ್ಯೂಟ್ ಬ್ರೇಕರ್ ಅನ್ನು (ಕರೆಂಟ್ ಮಿತಿಮೀರಿದರೆ ಸಪ್ಲೈಯನ್ನು ತಾನಾಗಿ ಕಡಿಯುವ ದೊಡ್ಡ ಸ್ವಿಚ್) ಮಳೆಗಾಲಕ್ಕೆ ಮೊದಲೇ ಸರ್ವಿಸ್ ಮಾಡಿಸಿದೆವು. ಬಂದ ಇಬ್ಬರು ತಂತ್ರಜ್ಞರು ಸಪ್ಲೈ ಕಡಿತಗೊಂಡಿರುವುದನ್ನು ಸ್ವತಃ ಪರೀಕ್ಷಿಸಿ, ಅದನ್ನು ಚಾಲಿಸುವ ಸ್ಪ್ರಿಂಗ್ ಡಿಸ್‌ಚಾರ್ಜ್ ಮಾಡಿದ (ಬಿಗಿತ ಬಿಡಿಸಿದ) ನಂತರವೇ ಬ್ರೇಕರ್ ಅನ್ನು ಹೊರಗೆಳೆದದ್ದು ಮೆಚ್ಚತಕ್ಕ ಸಂಗತಿ.

ಆರ್ಕ್ ಚೂಟ್‌ಗಳನ್ನು (ಬ್ರೇಕರ್ ತೆರೆಯುವಾಗ ಏಳುವ ಕಿಡಿಯನ್ನು ಆರಿಸುವ ಭಾಗ) ಬಿಚ್ಚಿದಾಗ ಕಡಲ ಗಾಳಿಯ ಉಪ್ಪಿನ ಪ್ರಭಾವ ಕಣ್ಣಿಗೇ ಕಾಣಿಸಿತು. ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. 100 ಆಂಪಿಯರ್ ಡಿಸಿ ಹಾಯಿಸಿ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ (ಸಂಪರ್ಕ ಬಿಂದುಗಳಲ್ಲಿ ಕರೆಂಟಿಗಿರುವ ತಡೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಅಳೆದಾಗ ಎರಡು ಫೇಸ್‌ಗಳಲ್ಲಿ 30 ಮೈಕ್ರೋ ಓಮ್‌ನ ಆಸುಪಾಸಿದ್ದ ಮೌಲ್ಯ ಮೂರನೆಯದರಲ್ಲಿ 74 ಇತ್ತು. ಶುಚಿಗೊಳಿಸಿ, ಸ್ಪ್ರಿಂಗ್ ಒತ್ತಡ ಸರಿಪಡಿಸಿದ ಮೇಲೆ ಅದು 33ಕ್ಕೆ ಇಳಿಯಿತು. ಇನ್ಸುಲೇಶನ್ ಪರೀಕ್ಷೆಯನ್ನು ಬ್ರೇಕರ್ ತೆರೆದ ಸ್ಥಿತಿಯಲ್ಲೂ ಮುಚ್ಚಿದ ಸ್ಥಿತಿಯಲ್ಲೂ ನಡೆಸಿದರು.

ನನ್ನ ಆಕ್ಷೇಪ ಟ್ರಿಪ್ ಪರೀಕ್ಷೆಯ, ಅಂದರೆ ಕರೆಂಟ್ ಮಿತಿಮೀರಿದಾಗ ಬ್ರೇಕರ್ ನಿಜಕ್ಕೂ ಕಡಿಯುತ್ತದೆಯೇ ಎಂದು ನೋಡುವುದರ ಕುರಿತು. ಕೊಟೇಶನ್‌ನಲ್ಲಿ ಬರೀ ‘ಇಂಜೆಕ್ಷನ್ ಟೆಸ್ಟ್’ ಎಂದಿತ್ತು. ಇದರಲ್ಲಿ ಎರಡು ಬಗೆ. ಸಣ್ಣ ಸಂಕೇತವನ್ನಷ್ಟೇ ಕೊಡುವ ಸೆಕೆಂಡರಿ ಇಂಜೆಕ್ಷನ್, ಬ್ರೇಕರ್‌ಗೆ ಕಡಿಯಲು ಆದೇಶಿಸುವ ರಿಲೀಸ್ ಘಟಕವನ್ನು ಪರೀಕ್ಷಿಸುತ್ತದೆಯೇ ಹೊರತು ಆ ಘಟಕಕ್ಕೆ ಕರೆಂಟಿನ ಅಳತೆ ಒದಗಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳನ್ನಲ್ಲ. ಇಡೀ ಮಾರ್ಗ ಖಚಿತವಾಗಬೇಕಾದರೆ ಮುಖ್ಯ ಕಾಂಟ್ಯಾಕ್ಟ್‌ಗಳ ಮೂಲಕವೇ ಭಾರೀ ಕರೆಂಟ್ ಹಾಯಿಸುವ ಪ್ರೈಮರಿ ಇಂಜೆಕ್ಷನ್ ಬೇಕು. ಕೇಳಿದ್ದಕ್ಕೆ ಪ್ರತ್ಯೇಕ ದರ ಹೇಳಿದರು, ಯಂತ್ರ ಮರುದಿನ ಬಂತು, ನಮ್ಮ ಮೀನಿನ ದೋಣಿಯವರು ಅಷ್ಟರಲ್ಲಿ ಬೇರೆಡೆ ಐಸ್ ಕೊಂಡಿದ್ದರು. ಕರೆಸುವವರು ಯಾವ ಇಂಜೆಕ್ಷನ್ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.