ಫ್ಲೈಸ್ಕೈ ಐ6, ಪಾಕೆಟ್, ಬಾಕ್ಸರ್: ನನ್ನ ಮೂರು ವಿಮಾನಕ್ಕೆ ಹೊಂದಿದ ರೇಡಿಯೊ ಯಾವುದು?

ಮಾದರಿ ವಿಮಾನವನ್ನು ನೆಲದಿಂದ ನಡೆಸುವ ಕೈ ರಿಮೋಟನ್ನೇ ನಾವು ರೇಡಿಯೊ ಅನ್ನುವುದು. ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ಕೈಯಲ್ಲಿರುವುದು ರೇಡಿಯೊಮಾಸ್ಟರ್ ಬಾಕ್ಸರ್, ಅದರಲ್ಲೂ ಫೋರ್-ಇನ್-ಒನ್ ಮಾದರಿ. ನನಗೆ ಅದೇ ಇಷ್ಟ. ಆದರೆ ಅದಕ್ಕೂ ಮುಂಚೆ ಅದೇ ಕಂಪನಿಯ ಪಾಕೆಟ್ ಕೊಂಡು, ಹಾರಿಸುವ ಕಾಲದಲ್ಲಿ ಅರ್ಧ ಹಾಳು ಮಾಡಿಕೊಂಡೆ. ಬೇರೆಯವರಿಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ವಿರಾಜಪೇಟೆ ಕಡೆ. ಹುತ್ತರಿ ಕಳೆದು, ಭತ್ತ ಕೊಯ್ದು, ಗದ್ದೆ ಒಣಗಿದ ಮೇಲೆಯೇ ಇಲ್ಲಿ ವಿಮಾನ ಹಾರಿಸಲು ಜಾಗ ಸಿಗುವುದು. ಆ ಹೊತ್ತಿಗೆ ಕಾಫಿ ಕೊಯ್ಲು ಜೋರಾಗಿರುತ್ತದೆ. ಹಾಗಾಗಿ ಉಳಿಯುವುದು ಭಾನುವಾರದ ಸಂಜೆ ಮಾತ್ರ. ಗದ್ದೆಯ ಎರಡೂ ಕಡೆ ತೋಟ, ಸಿಲ್ವರ್ ಓಕ್ ಸಾಲು. ನನ್ನ ಹತ್ತಿರ ಮೂರು ಫೋಮ್ ವಿಮಾನಗಳಿವೆ. ಮೂರರಲ್ಲೂ ಇರುವುದು ಫ್ಲೈಸ್ಕೈ ಐಎ6ಬಿ ರಿಸೀವರ್, ಅಂದರೆ ರೇಡಿಯೊದ ಸಂಕೇತ ಹಿಡಿಯುವ ಪೆಟ್ಟಿಗೆ.

ನಾನು ಕಲಿತದ್ದು ಫ್ಲೈಸ್ಕೈ ಐ6ರಲ್ಲಿ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಆಯ್ತು. 20 ವಿಮಾನಗಳ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ. ಬೆಲೆಯೂ ಮೂರರಲ್ಲಿ ಕಡಿಮೆ. ತೀರಾ ಕಡಿಮೆ ದುಡ್ಡಿನಲ್ಲಿ ಕಲಿಯಬೇಕು ಅನ್ನುವ ಹೊಸಬರಿಗೆ ಇವತ್ತಿಗೂ ನಾನು ಹೇಳುವುದು ಇದನ್ನೇ. ನನಗೆ ಕೈಕೊಟ್ಟದ್ದು ನಮ್ಮ ಮಳೆಗಾಲದಲ್ಲಿ. ಒಂದು ವರ್ಷ ಕಪಾಟಿನಿಂದ ತೆಗೆದಾಗ ಸೆಲ್ ಕೂರುವ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ ತೆಗೆದೆ. ಆದರೆ ಸ್ಟಿಕ್ ಮುಟ್ಟದಿದ್ದರೂ ರಡ್ಡರ್ ಸರ್ವೊ, ಅಂದರೆ ಬಾಲದ ಪಟ್ಟಿ ತಿರುಗಿಸುವ ಪುಟ್ಟ ಮೋಟಾರ್, ಸುಮ್ನೆ ಅಲುಗಾಡುತ್ತಿತ್ತು. ಇದರ ಸ್ಟಿಕ್ಕಿನೊಳಗೆ, ಅದು ಎಷ್ಟು ಬಾಗಿದೆ ಅಂತ ಅಳೆಯಲು, ಉಜ್ಜಿಕೊಂಡು ತಿರುಗುವ ಪಾಟ್‌ಗಳಿವೆ, ಅವು ಸವೆಯುತ್ತವೆ. ಪಾಕೆಟ್, ಬಾಕ್ಸರ್ ಎರಡರಲ್ಲೂ ಅದರ ಬದಲು ಹಾಲ್ ಸೆನ್ಸರ್ ಇದೆ. ಅದು ಆಯಸ್ಕಾಂತದಿಂದ ಕೆಲಸ ಮಾಡುವುದರಿಂದ ಉಜ್ಜಾಟವಿಲ್ಲ.

ಸರಿ, ಹೊಸದು ಕೊಳ್ಳೋಣ ಅಂತ ಹೊರಟೆ. ಪಾಕೆಟ್ ಚಿಕ್ಕದು, ಚೆಂದ, ಬೆಲೆಯೂ ಕೈಗೆಟುಕುವಂಥದ್ದು. ನಾನು ತರಿಸಿದ್ದು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಅನ್ನುವ ಪ್ರೋಟೋಕಾಲ್, ಅಂದರೆ ರೇಡಿಯೊ ಭಾಷೆ, ಬಳಸುವ ಮಾದರಿ. ಮಾರುವವರಿಗೆ ಫೋನ್ ಮಾಡಿ, ‘ನನ್ನ ಹತ್ತಿರ ಫ್ಲೈಸ್ಕೈ ರಿಸೀವರ್ ಇದೆ, ಆಗುತ್ತಾ?’ ಅಂತ ಕೇಳಿಯೇ ಕೊಂಡೆ. ‘ಎರಡೂ 2.4 ಗಿಗಾಹರ್ಟ್ಜ್ ಅಲ್ವಾ ಸರ್, ಆಗುತ್ತೆ’ ಅಂದರು.

ಆಗಲಿಲ್ಲ. ರೇಡಿಯೊ, ರಿಸೀವರ್ ಎರಡನ್ನೂ ಜೋಡಿ ಮಾಡುವುದಕ್ಕೆ ಬೈಂಡ್ ಅನ್ನುತ್ತಾರೆ. ರಿಸೀವರ್‌ಗೆ ಬೈಂಡ್ ಪ್ಲಗ್ ಚುಚ್ಚಿದರೆ ಕೆಂಪು ದೀಪ ಪಟಪಟ ಮಿನುಗುತ್ತದೆ. ಬೈಂಡ್ ಆದರೆ ಆ ಮಿನುಗು ನಿಧಾನವಾಗಬೇಕು. ಎರಡು ಸಂಜೆ ಕಣದ ಕಟ್ಟೆ ಮೇಲೆ ಕೂತು ಅದನ್ನೇ ನೋಡಿದೆ, ಅದು ಪಟಪಟ ಅನ್ನುವುದನ್ನು ನಿಲ್ಲಿಸಲೇ ಇಲ್ಲ. ತರಂಗಾಂತರ ಒಂದೇ ಆದರೆ ಸಾಲದು, ಪ್ರೋಟೋಕಾಲ್ ಒಂದೇ ಇರಬೇಕು. ಕುಶಾಲನಗರದ ಸಂತೆಯಲ್ಲಿ ಒಬ್ಬರು ಕೊಡವ ತಕ್ಕ್‌ನಲ್ಲಿ, ಎದುರಿಗಿರುವವರು ಟಿಬೆಟನ್ನಿನಲ್ಲಿ ಮಾತಾಡಿದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಇದೂ ಹಾಗೆಯೇ. ಐಎ6ಬಿಯದು ಎಎಫ್‌ಎಚ್‌ಡಿಎಸ್ 2ಎ ಅನ್ನುವ ಪ್ರೋಟೋಕಾಲ್. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರೇಡಿಯೊಗೆ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರಿಸೀವರೇ ಬೇಕು.

ಅದನ್ನೂ ತರಿಸಿದೆ. ಪೊಟ್ಟಣ ಬಿಚ್ಚಿದರೆ ಉಗುರಿನಷ್ಟು ಅಗಲದ ಬೋರ್ಡು. ಅದರ ಅಂಚಿನಲ್ಲಿ ಬೆಸುಗೆ ಹಾಕಲು ನಾಲ್ಕು ತೂತು, ಅಷ್ಟೇ. ಸರ್ವೊದ ಮೂರು ತಂತಿಯ ಪ್ಲಗ್ ಚುಚ್ಚಲು ಪಿನ್ನೇ ಇಲ್ಲ! ಅದು ಡ್ರೋನಿನ ಫ್ಲೈಟ್ ಕಂಟ್ರೋಲರ್‌ಗೆ ಜೋಡಿಸುವಂಥದ್ದು. ನಮ್ಮಂಥ ಸಾದಾ ವಿಮಾನಕ್ಕೆ ಸರ್ವೊ ಚುಚ್ಚುವ ಪಿಡಬ್ಲ್ಯೂಎಂ ಪಿನ್ ಇರುವುದನ್ನೇ, ಅಂದರೆ ಇಆರ್6 ಥರದ್ದನ್ನು, ಕೇಳಿ ತರಿಸಬೇಕು. ಇನ್ನೊಂದು ಮಾತು, ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಸಾಫ್ಟ್‌ವೇರ್ ಆವೃತ್ತಿಯ ಮೊದಲ ಅಂಕಿಯೂ ಎರಡೂ ಕಡೆ ಒಂದೇ ಇರಬೇಕು. ರೇಡಿಯೊದಲ್ಲಿ 3, ರಿಸೀವರ್‌ನಲ್ಲಿ 2 ಇದ್ದರೆ ಬೈಂಡ್ ಆಗುವುದಿಲ್ಲ.

ಮೂರು ವಿಮಾನಕ್ಕೂ ಹೊಸ ರಿಸೀವರ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಒಂದರಲ್ಲಿ ರಿಸೀವರ್ ರೆಕ್ಕೆಯ ಕೆಳಗೆ ಅಂಟಿನೊಳಗೆ ಹೂತಿದೆ. ಬ್ಲೇಡಿನಿಂದ ಫೋಮ್ ಕೊಯ್ದೇ ತೆಗೆಯಬೇಕು.

ಕಾಫಿ ದುಡ್ಡು ಕೈಗೆ ಬಂದ ಮೇಲೆ ಬಾಕ್ಸರ್ ಕೊಂಡೆ. ಫೋರ್-ಇನ್-ಒನ್ ಅಂದರೆ ನಾಲ್ಕು ಬೇರೆ ಬೇರೆ ರೇಡಿಯೊ ಚಿಪ್ ಒಳಗಿವೆ. ಫ್ಲೈಸ್ಕೈ ಭಾಷೆಗೆ ಎ7105 ಅನ್ನುವ ಚಿಪ್ ಇದೆ. ಮೆನುವಿನಲ್ಲಿ ಮಲ್ಟಿ, ಆಮೇಲೆ ಫ್ಲೈಸ್ಕೈ 2ಎ ಆರಿಸಿ ಬೈಂಡ್ ಒತ್ತಿದೆ. ಎರಡೇ ಕ್ಷಣಕ್ಕೆ ಆ ಕೆಂಪು ದೀಪದ ಮಿನುಗು ನಿಧಾನವಾಯಿತು. ಅವತ್ತು ಆದ ಖುಷಿ ಇನ್ನೂ ನೆನಪಿದೆ. ಮೂರೂ ವಿಮಾನ ಅರ್ಧ ಗಂಟೆಯೊಳಗೆ ಸಿದ್ಧ. ರಿಸೀವರಿನ ವೋಲ್ಟೇಜ್ ಕೂಡ ಪರದೆಯಲ್ಲಿ ಕಾಣುತ್ತದೆ. ಆದರೆ ಫೇಲ್‌ಸೇಫ್, ಅಂದರೆ ಸಂಕೇತ ತಪ್ಪಿದಾಗ ವಿಮಾನ ಏನು ಮಾಡಬೇಕು ಅನ್ನುವ ಸೆಟ್ಟಿಂಗ್, ಮಾತ್ರ ಹೊಸದಾಗಿ ಹೊಂದಿಸಲೇಬೇಕು. ಪ್ರೊಪೆಲ್ಲರ್ ಬಿಚ್ಚಿಟ್ಟು, ರೇಡಿಯೊ ಆಫ್ ಮಾಡಿ, ಮೋಟಾರ್ ನಿಲ್ಲುತ್ತದಾ ಅಂತ ಕಣ್ಣಾರೆ ನೋಡಿಯೇ ಗದ್ದೆಗೆ ಇಳಿಯಿರಿ.

ಬಾಕ್ಸರ್ ದುಬಾರಿ, ಬ್ಯಾಟರಿಯನ್ನೂ ಬೇರೆ ಕೊಳ್ಳಬೇಕು.

ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್‌ನ ದೊಡ್ಡ ಹೆಗ್ಗಳಿಕೆ ದೂರ. ಅದು ನಿಜವೇ. ಆದರೆ ನನ್ನ ಗದ್ದೆ ಮುಗಿಯುವಲ್ಲಿ ಸಿಲ್ವರ್ ಓಕ್ ಶುರು, ಅದರಾಚೆ ವಿಮಾನ ಕಾಣುವುದೇ ಇಲ್ಲ. 2021ರ ಡ್ರೋನ್ ನಿಯಮಗಳೂ ಮಾದರಿ ವಿಮಾನ ಕಣ್ಣಳತೆಯಲ್ಲೇ ಹಾರಬೇಕು ಅನ್ನುತ್ತವೆ. ನನಗೆ ಆ ದೂರದಿಂದ ಏನೂ ಲಾಭವಿಲ್ಲ. ನಿಮ್ಮ ಹತ್ತಿರ ಹಳೇ ರಿಸೀವರ್ ಒಂದೂ ಇಲ್ಲ, ಎಲ್ಲ ಹೊಸದಾಗಿ ಶುರು ಮಾಡುತ್ತೀರಿ ಅಂದರೆ ಬಾಕ್ಸರ್ ಬದಲು ಪಾಕೆಟ್ ಜೊತೆ ಪಿನ್ ಇರುವ ರಿಸೀವರ್ ತೆಗೆದುಕೊಳ್ಳಿ, ದುಡ್ಡು ಉಳಿಯುತ್ತದೆ.

ಪಾಕೆಟ್ ಅನ್ನು ನಾನು ಮಾರಿಲ್ಲ. ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ನೇರವಾಗಿ ಜಾಯ್‌ಸ್ಟಿಕ್ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆಯಲ್ಲಿ ನೀರು ನಿಂತಿರುವಾಗ ಅಕ್ಕನ ಮಗ ಅದರಲ್ಲೇ ಸಿಮ್ಯುಲೇಟರ್ ಆಡುತ್ತಾನೆ. ‘ಮಾವ, ಈ ಸಲ ಲ್ಯಾಂಡಿಂಗ್ ಸರಿಯಾಯ್ತು ನೋಡಿ’ ಅಂತ ಕರೆಯುತ್ತಾನೆ. ಜನವರಿಯಲ್ಲಿ ಬಾಕ್ಸರ್ ಅವನ ಕೈಗೆ ಕೊಡುತ್ತೇನೆ ಅಂತ ಹೇಳಿದ್ದೇನೆ.