ಸ್ಪೇನಿನ ಗ್ರನಾಡಾಗೆ ಹೋಗೋರೇ, ಅಲ್ಹಂಬ್ರಾ ಟಿಕೆಟ್ಟಲ್ಲಿ ‘ನಸರೀಯೆಸ್’ ಅಂತ ಇದೆಯಾ ನೋಡ್ಕೊಳ್ಳಿ

ದುಡ್ಡು ಕಟ್ಟೋ ಮೊದಲು ಇದನ್ನ ಓದಿಬಿಡಿ. ನಾನೂ ನನ್ನ ಗೆಳತಿಯೂ ತಲಾ 49 ಯೂರೋ ಕೊಟ್ಟು ‘ಅಲ್ಹಂಬ್ರಾ ಟಿಕೆಟ್’ ತಗೊಂಡ್ವಿ. ಸಿಕ್ಕಿದ್ದು ತೋಟದ ಟಿಕೆಟ್. ಅರಮನೆ ಬಾಗಿಲಲ್ಲಿ ನಿಂತಾಗ ಗೊತ್ತಾಯ್ತು.

ಅಲ್ಹಂಬ್ರಾ ಅಂದ್ರೆ ಒಂದೇ ಕಟ್ಟಡ ಅಲ್ಲ, ಗುಡ್ಡದ ಮೇಲಿನ ಇಡೀ ಆವರಣ. ಅಲ್ಕಸಾಬಾ ಕೋಟೆ, ಹೆನೆರಾಲಿಫೆ ತೋಟ, ದೊರೆ ಐದನೇ ಚಾರ್ಲ್ಸ್ ಕಟ್ಟಿಸಿದ ಅರಮನೆ, ಆಮೇಲೆ ಗ್ರನಾಡಾ ಆಳಿದ ನಸ್ರಿದ್ ಸುಲ್ತಾನರ ಅರಮನೆಗಳು (ಸ್ಪ್ಯಾನಿಷ್‌ನಲ್ಲಿ ‘ಪಲಾಸಿಯೋಸ್ ನಸರೀಯೆಸ್’). 12 ಕಲ್ಲಿನ ಸಿಂಹ ಹೊತ್ತ ಕಾರಂಜಿ, ಜೇನುಗೂಡಿನ ಥರದ ಗಾರೆ ಚಾವಣಿ, ನಾವೆಲ್ಲ ಫೋಟೋದಲ್ಲಿ ನೋಡಿ ಆಸೆಪಡೋದು ಈ ಕೊನೆಯದರ ಒಳಗಡೆ ಇರೋದನ್ನ. ಅಧಿಕೃತ ಜಾಲತಾಣದಲ್ಲಿ ‘ಹೆನೆರಾಲ್’ ಅನ್ನೋ ಟಿಕೆಟ್ಟಿಗೆ ಎಲ್ಲವೂ ಸೇರುತ್ತೆ. ‘ಹಾರ್ದಿನೆಸ್’ ಅನ್ನೋದಕ್ಕೆ ತೋಟ, ಹೆನೆರಾಲಿಫೆ, ಅಲ್ಕಸಾಬಾ ಅಷ್ಟೇ. ಬೆಲೆಯೂ ಬಹಳ ಕಮ್ಮಿ. ಆ ಕಮ್ಮಿ ಬೆಲೆಯದನ್ನೇ ಬೇರೊಂದು ಜಾಲತಾಣದವರು ಸಿಂಹದ ಫೋಟೋ ಹಾಕಿ, ಮೂರು ಪಟ್ಟಿಗೂ ಹೆಚ್ಚಿಗೆ ನಮಗೆ ಮಾರಿದ್ರು.

ಪಾಸ್‌ಪೋರ್ಟ್ ನಂಬರ್ ಕೇಳಿದ್ರು, ಅದಕ್ಕೇ ನಂಬಿದ್ವಿ. ಅವರು ಕಳಿಸಿದ ಚೀಟಿ ಮೇಲೆ ದೊಡ್ಡದಾಗಿ ‘ಪ್ರವೇಶ 11:30’ ಅಂತ ಬೇರೆ ಇತ್ತು. ಅದು ನಸ್ರಿದ್ ಸಮಯ ಅಂದ್ಕೊಂಡ್ವಿ. ಅಲ್ಲ. ಅವರೇ ಹಾಕಿಕೊಂಡ ಸಮಯ ಅದು, ಅದಕ್ಕೆ ಅರ್ಥವೇ ಇಲ್ಲ.

ಬಾಗಿಲಲ್ಲಿ ಇದ್ದಾಕೆ ಒಂದ್ಸಲ ಸ್ಕ್ಯಾನ್ ಮಾಡಿದ್ರು. ಆಗಲಿಲ್ಲ. ಫೋನಿನ ಬೆಳಕು ಜಾಸ್ತಿ ಮಾಡಿ ಅಂತ ಸನ್ನೆ ಮಾಡಿ ಇನ್ನೊಂದ್ಸಲ. ಆಮೇಲೆ ನನ್ನ ಫೋನ್ ಕೈಗೆ ತಗೊಂಡು, ಚೀಟಿ ಕೆಳಗಿದ್ದ ಅಸಲಿ ಟಿಕೆಟ್ ತನಕ ಸರಿಸಿ, ಒಂದು ಪದದ ಕೆಳಗೆ ಉಗುರಿಟ್ಟು ತೋರಿಸಿದ್ರು. ‘ಹಾರ್ದಿನೆಸ್. ನಸರೀಯೆಸ್, ನೋ.’ ಹಿಂದೆ ಅಷ್ಟುದ್ದ ಸಾಲು. ಅವರನ್ನೆಲ್ಲ ದಾಟಿ ವಾಪಸ್ ಬರಬೇಕು. ಗೆಳತಿ ಮುಖ ನೋಡೋಕೆ ಆಗಲಿಲ್ಲ ನಂಗೆ, ಬುಕ್ ಮಾಡಿದ್ದು ನಾನೇ.

ಮಾರಿದವರಿಗೆ ಅಲ್ಲೇ ನಿಂತು ಮೆಸೇಜ್ ಹಾಕಿದೆ. ಮೊದಲ ಉತ್ತರ: ‘ನೀವು ಅಲ್ಹಂಬ್ರಾ ಒಳಗೇ ಇದ್ದೀರಲ್ಲವೇ?’ ಸಿಂಹದ ಫೋಟೋ ಯಾಕೆ ಹಾಕಿದ್ರಿ ಅಂದೆ. ‘ಚಿತ್ರಗಳು ಸಾಂಕೇತಿಕ.’ ದುಡ್ಡು ವಾಪಸ್ ಕೊಡಿ ಅಂದೆ. ‘ಬೆಳಿಗ್ಗೆ ಅಲ್ಕಸಾಬಾದಲ್ಲಿ ಟಿಕೆಟ್ ಬಳಸಿದ್ದೀರಿ, ಮರುಪಾವತಿ ಇಲ್ಲ.’ ಕೊನೆಗೆ, ಇನ್ನೂ 40 ಯೂರೋ ಕೊಟ್ಟರೆ ನಾಳೆ ಗೈಡ್ ಜೊತೆ ನಸ್ರಿದ್‌ಗೆ ಕಳಿಸ್ತೀವಿ ಅಂತ! ನಾಳೆ ಬೆಳಿಗ್ಗೆ ನಮ್ಮ ರೈಲು. ವೀಸಾಗೆ ಅಲೆದು, ಬೆಂಗಳೂರಿಂದ ಅಷ್ಟು ದೂರ ಹೋಗಿ, ಆ ಸಿಂಹದ ಕಾರಂಜಿ ಇರೋ ಅಂಗಳದ ಗೋಡೆಯಾಚೆ ನಿಂತು ಬಂದ್ವಿ.

ನೀವು ಹೋಗೋದಾದ್ರೆ ಅಲ್ಹಂಬ್ರಾ ನೋಡಿಕೊಳ್ಳೋ ಸಂಸ್ಥೆಯಾದ ಪಾತ್ರೊನಾತೋದ ಜಾಲತಾಣದಲ್ಲೇ ತಗೊಳ್ಳಿ. ವಿಳಾಸದಲ್ಲಿ ‘ಅಲಂಬ್ರಾ-ಪಾತ್ರೊನಾತೋ’ ಇದ್ದು ಕೊನೆಗೆ ‘ಡಾಟ್ ಇಎಸ್’ ಇರಬೇಕು. ಗೂಗಲ್‌ನಲ್ಲಿ ಮೇಲೆ ಬರೋ ಜಾಹೀರಾತು ಒತ್ತಬೇಡಿ, ನಾನು ಒತ್ತಿದ್ದು ಅದನ್ನೇ. ಟಿಕೆಟ್ಟಲ್ಲಿ ‘ಪಲಾಸಿಯೋಸ್ ನಸರೀಯೆಸ್’ ಅಂತ ಬರೆದು ಅದರ ಜೊತೆಗೇ ಸಮಯ ಇರಬೇಕು. ಆ ಸಮಯ ತಪ್ಪಿದ್ರೆ ಒಳಗೆ ಬಿಡಲ್ಲ. ಹೆನೆರಾಲ್ ಮುಗಿದುಹೋಗಿದ್ರೆ ನಸ್ರಿದ್ ರಾತ್ರಿ ಭೇಟಿಯ ಟಿಕೆಟ್ ಬೇರೆ ಇರುತ್ತೆ, ಅಲ್ಹಂಬ್ರಾ ಜೊತೆ ಊರಿನ ಬೇರೆ ಸ್ಮಾರಕಗಳೂ ಸೇರಿರೋ ‘ದೋಬ್ಲಾ ದೆ ಓರೋ’ ಅನ್ನೋ ಕೂಡು ಟಿಕೆಟ್ಟೂ ಇದೆ, ಎರಡನ್ನೂ ನೋಡಿ. ಪಾಸ್‌ಪೋರ್ಟ್ ಅಸಲಿಯೇ ಇಟ್ಕೊಳ್ಳಿ, ಫೋನಲ್ಲಿರೋ ಫೋಟೋ ನಂಬ್ಕೋಬೇಡಿ.

ನಡೆದು ಹೋಗೋದಾದ್ರೆ ಊರಿನ ಪ್ಲಾಸಾ ನುಏವಾ ಚೌಕದಿಂದ ಕುಏಸ್ತಾ ದೆ ಗೊಮೇರೆಸ್ ಏರು ಹಿಡಿದು ಅಲ್ಹಂಬ್ರಾದ ನ್ಯಾಯದ ಬಾಗಿಲಿಗೆ (ಪುಎರ್ತಾ ದೆ ಲಾ ಹುಸ್ತಿಸಿಯಾ) 20ರಿಂದ 25 ನಿಮಿಷ. ಏರು ಜೋರಾಗಿದೆ, ಚಪ್ಪಲಿ ಬೇಡ. ಟಿಕೆಟ್ ಫೋನಲ್ಲೇ ಇದ್ರೆ ಮೇಲಿನ ಟಿಕೆಟ್ ಕೌಂಟರ್ ತನಕ ಹೋಗೋದು ದಂಡ. ಅಲ್ಕಸಾಬಾ ನಸ್ರಿದ್ ಪಕ್ಕದಲ್ಲೇ ಇದೆ, ಮೊದಲು ಅದನ್ನ ಮುಗಿಸಿ ಕಾಲು ಗಂಟೆ ಮುಂಚೆ ಸಾಲಲ್ಲಿ ನಿಲ್ಲಿ. ಹೆನೆರಾಲಿಫೆ ಇನ್ನೊಂದು ತುದಿ, ನಡೆಯೋಕೆ ಕಾಲು ಗಂಟೆ ಬೇಕು, ಅದು ಕೊನೆಗೆ. ಅಲ್ಲಿಂದ ಕುಏಸ್ತಾ ದೆ ಲೋಸ್ ಚೀನೋಸ್ ಅನ್ನೋ ದಾರಿ ಇಳಿದ್ರೆ ನೇರ ದಾರ್ರೋ ಹೊಳೆ ಪಕ್ಕದ ಪಸೇಯೋ ದೆ ಲೋಸ್ ತ್ರಿಸ್ತೆಸ್ ಬೀದಿ. ಕ್ಯಾಥೆಡ್ರಲ್ ಹತ್ರ ರೋಸ್‌ಮರಿ ಕಡ್ಡಿ ಕೈಗೆ ತುರುಕಿ, ಹಸ್ತ ನೋಡಿ ದುಡ್ಡು ಕೇಳೋರು ಇರ್ತಾರೆ. ಕಡ್ಡಿ ಮುಟ್ಟಲೇಬೇಡಿ.

ಇನ್ನೊಂದು. ಯಾರ ಹತ್ರ ತಗೊಂಡ್ರೂ ದುಡ್ಡು ಕಟ್ಟೋ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನಾವು ತೆಗೆದಿರಲಿಲ್ಲ. ರಾತ್ರಿ ಹೋಟೆಲಿಗೆ ಬಂದು ನೋಡಿದ್ರೆ ಆ ಪುಟದಲ್ಲಿ ಅಲ್ಹಂಬ್ರಾ ಪಕ್ಕ ಸಣ್ಣ ಅಕ್ಷರದಲ್ಲಿ ‘ತೋಟಗಳು’ ಅಂತ ಇತ್ತು. ಬುಕ್ ಮಾಡಿದಾಗ ಅದು ಇತ್ತೋ ಇಲ್ಲವೋ ಈಗ ತೋರಿಸೋದು ಹೇಗೆ? ಬ್ಯಾಂಕಿನಲ್ಲಿ ಕಾರ್ಡ್ ದೂರು ಕೊಟ್ಟಿದ್ದೀನಿ, ಅವರು ಕೇಳ್ತಿರೋದೂ ಅದನ್ನೇ.